ಗುರುವಾರದ ಎರಡು ಬೇಸ್

ಲ್ಯಾಬಕ್ಕ ತನ್ನ ಬೇಸ್ ಗಿಟಾರನ್ನು ಮಾರಿಬಿಡಬೇಕೆಂದು ತೀರ್ಮಾನಿಸಿದ್ದು ಒಂದು ಗುರುವಾರ ಬೆಳಿಗ್ಗೆ, ಅಪ್ಪನ ಅಂಗಿಗೆ ಗುಂಡಿ ಹಾಕುತ್ತಿರುವಾಗ. ಕತ್ತಿನ ಹತ್ತಿರದ ಗುಂಡಿಗೆ ಕೈ ಎತ್ತಿದಳು. ಎಡಭುಜದೊಳಗೆ ಯಾರೋ ದಬ್ಬಳ ತೂರಿಸಿದಂತಾಗಿ ಕೈ ಅರ್ಧದಲ್ಲೇ ನಿಂತಿತು. ಅಪ್ಪ ಅವಳ ಮುಖ ನೋಡಿ "ಆಯ್ತು" ಎಂದರು.

ಹತ್ತು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆದು ಅಪ್ಪನ ಬಲಭಾಗ ಬಿದ್ದುಹೋಗಿತ್ತು. ಜೊತೆಗೆ ಮಾತೂ ಹೋಯಿತು, ಈ ಒಂದು ಶಬ್ದ ಬಿಟ್ಟು. ಹಸಿವಾದರೂ ಆಯ್ತು, ಹೊಟ್ಟೆ ತುಂಬಿದರೂ ಆಯ್ತು. ಸಿಟ್ಟು ಬಂದರೆ ಅದೇ ಶಬ್ದ ಚಾಟಿಯ ಹಾಗೆ ಬರುತ್ತಿತ್ತು. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕೂತು ಕರಡು ತಿದ್ದಿದ ಮನುಷ್ಯ ಅವರು, ಬೇರೆಯವರ ಬರಹದಲ್ಲಿ ಒಂದು ಅಲ್ಪವಿರಾಮ ಹೆಚ್ಚಾದರೂ ಸಹಿಸುತ್ತಿರಲಿಲ್ಲ. ಈಗ ಒಂದೇ ಶಬ್ದದಲ್ಲಿ ಇಡೀ ಸಂಸಾರ ನಡೆಸಬೇಕಾಗಿತ್ತು.

ಅವಳು ಒಂದು ಚಿಕಿತ್ಸಾಲಯದ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ಚಿಕ್ಕಮಕ್ಕಳೂ ಅಳದ ಹಾಗೆ ಸೂಜಿ ಚುಚ್ಚುತ್ತಾಳೆಂದು ಹೆಸರಾಗಿ, ಬರುವವರೆಲ್ಲ ಲ್ಯಾಬಕ್ಕ ಎನ್ನುತ್ತ ಎನ್ನುತ್ತ ಅದೇ ಖಾಯಂ ಆಯಿತು. ವಾರದ ಕೊನೆಗೆ ಮಾತ್ರ ಅವಳು ಬೇರೆಯೇ ಹೆಂಗಸು. ಇಪ್ಪತ್ತೆರಡು ವರ್ಷದಿಂದ ಒಂದೇ ವಾದ್ಯತಂಡದಲ್ಲಿ ಬೇಸ್ ನುಡಿಸುತ್ತಿದ್ದಳು. ನಾಲ್ಕೇ ದಪ್ಪ ತಂತಿ, ಜನ ಕಿವಿಗೊಟ್ಟು ಕೇಳದ ವಾದ್ಯ. ನಿಂತುಹೋದರೆ ಮಾತ್ರ ಏನೋ ಕಮ್ಮಿಯಾಯಿತಲ್ಲ ಎಂದು ತಲೆ ಎತ್ತುತ್ತಾರೆ. ಅಪ್ಪ ಹಾಸಿಗೆ ಹಿಡಿದ ಮೇಲೆ ಅದೂ ನಿಂತಿತ್ತು. ಅವರನ್ನು ದಿನಕ್ಕೆ ಎಂಟು ಸಲ ಎತ್ತಿ ಕೂರಿಸಿ, ಎತ್ತಿ ಮಲಗಿಸಿ, ಭುಜದ ಸ್ನಾಯು ಅರ್ಧ ಹರಿದಿತ್ತು. ಭಾರ ಹೊರಬಾರದು ಎಂದು ವೈದ್ಯರು ಕಡ್ಡಿ ಮುರಿದಂತೆ ಹೇಳಿದ್ದರು. ಹೊರುವ ಭಾರ ಅವಳಿಗಿದ್ದದ್ದು ಎರಡೇ. ಅಪ್ಪನನ್ನು ಕೊಳ್ಳುವ ಅಂಗಡಿ ಎಲ್ಲೂ ಇರಲಿಲ್ಲ.

ಹಾಗಾಗಿ ಆ ಮಧ್ಯಾಹ್ನ, ಅಪ್ಪನನ್ನು ನೋಡಿಕೊಳ್ಳುವ ಆಯಾಳನ್ನು ಇನ್ನೆರಡು ತಾಸು ಇರು ಎಂದು ಗೋಗರೆದು, ಬೇಸನ್ನು ಬಲಹೆಗಲಿಗೆ ಏರಿಸಿಕೊಂಡು ವಾದ್ಯ ರಿಪೇರಿ ಮಾಡಿ ಮಾರುವ ಮೇಸ್ತ್ರಿಯ ಅಂಗಡಿಗೆ ಹೋದಳು.

ಮೇಸ್ತ್ರಿಯ ಅಂಗಡಿ ಎರಡು ಮೆಟ್ಟಿಲ ಮೇಲಿನ ಉದ್ದನೆಯ ಕೋಣೆ. ಮರದ ಹೊಟ್ಟು, ಅಂಟು, ಎಣ್ಣೆ ಎಲ್ಲ ಸೇರಿದ ವಾಸನೆ. ಒಳಗೆ ಸ್ಟೂಲಿನ ಮೇಲೆ ಒಬ್ಬ ದೈತ್ಯ ದೇಹದ ಮನುಷ್ಯ ಕೂತು ಐದು ತಂತಿಯ ಬೇಸೊಂದನ್ನು ನುಡಿಸುತ್ತಿದ್ದ. ಬಸ್ ಡಿಪೋದ ಡ್ರೈವರ್. ಬೇಸ್ ಹಿಡಿಯುವವರ ನಡುವೆ ಗುಡುಗಣ್ಣ ಎಂದರೇ ಗುರುತು. ಕೈಯಲ್ಲಿ ಗುಡುಗಿದ್ದರೂ ಬಾಯಲ್ಲಿ ಹತ್ತಿಯಷ್ಟೇ ಮೆತ್ತಗಿನ ದನಿ. ಹತ್ತಾರು ಸಮಾರಂಭಗಳಲ್ಲಿ ಇಬ್ಬರೂ ಎದುರುಬದುರಾಗಿದ್ದರು. ಒಂದು ತಂಡ ವೇದಿಕೆ ಇಳಿಯುವಾಗ ಇನ್ನೊಂದು ಹತ್ತುವಷ್ಟು ಹೊತ್ತಿನ ಪರಿಚಯ ಅದು.

"ಏನು ತಂಗೀ, ತಂತಿ ಬದಲಾಯಿಸ್ಬೇಕಾ?" ಎಂದು ಕೇಳಿದ.

"ಇಲ್ಲಣ್ಣ. ಮಾರೋಕೆ ತಂದೆ."

ಗುಡುಗಣ್ಣನ ಬೆರಳು ನಿಂತಿತು. ಮೇಸ್ತ್ರಿ ಕನ್ನಡಕ ಹಣೆಗೇರಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಕಣ್ಣು ಕೆಂಪಗಿರೋವಾಗ ಯಾರು ಮಾರೋಕೆ ಬಂದ್ರೂ ನಾನು ತಗೊಳ್ಳಲ್ಲಮ್ಮ. ನಾಳೆ ಬಂದು ವಾಪಸ್ ಕೊಡಿ ಅಂತಾರೆ. ಕೂತ್ಕೊಳ್ಳಿ."

ಕೂತಳು. ಕೂತದ್ದೇ ತಪ್ಪಾಯಿತು. ಹತ್ತು ತಿಂಗಳಿಂದ ಹಲ್ಲು ಕಚ್ಚಿ ಹಿಡಿದಿದ್ದೆಲ್ಲ ಹೊರಬಂತು. ಭುಜದ ಕಥೆ, ಅಪ್ಪನ ಒಂದೇ ಶಬ್ದದ ಕಥೆ, ಭಾನುವಾರ ಹಣ್ಣಿನ ಚೀಲ ಹಿಡಿದು ಬಂದು "ಇನ್ನೂ ವ್ಯಾಯಾಮ ಮಾಡಿಸ್ಬೇಕಕ್ಕ" ಎಂದು ಉಪದೇಶ ಕೊಟ್ಟು ಗಡಿಯಾರ ನೋಡಿಕೊಳ್ಳುತ್ತ ಹೋಗುವ ತಮ್ಮನ ಕಥೆ. ಕೊನೆಗೆ, ಯಾರಿಗೂ ಹೇಳಬಾರದೆಂದುಕೊಂಡಿದ್ದನ್ನೂ ಹೇಳಿಬಿಟ್ಟಳು.

"ಹೋದ ವಾರ ಅಪ್ಪ ಸೂಪಿನ ಬಟ್ಟಲನ್ನ ತಳ್ಳಿಬಿಟ್ರು. ಆಗಷ್ಟೇ ಹಾಸಿದ್ದ ಬೆಡ್‌ಶೀಟು. ಕೈ ಮೇಲೆ ಹೊಡೆದೆ, ಅಣ್ಣ. ಸತ್ತಿರೋ ಕೈ ಮೇಲಲ್ಲ, ನೋವು ಗೊತ್ತಾಗೋ ಕೈ ಮೇಲೆ. ಆರಿಸಿ ಹೊಡೆದೆ."

ಗುಡುಗಣ್ಣ ಮಡಿಲಲ್ಲಿದ್ದ ಬೇಸನ್ನು ಗೋಡೆಗೆ ಒರಗಿಸಿದ.

"ನಾನು ನನ್ನ ಹೆಂಡ್ತೀನ ಬಾತ್‌ರೂಮಿನಲ್ಲಿ ಕೂರಿಸಿ ಬಾಗಿಲು ಹಾಕ್ಕೊಂಡು ಹೊರಗೆ ಹೋಗಿದ್ದೆ ಒಂದಿನ. ಬಸ್ ಸ್ಟಾಪಿನವರೆಗೆ. ವಾಪಸ್ ಬರೋವಷ್ಟರಲ್ಲಿ ಅರ್ಧ ಗಂಟೆ. ಅವಳು ಬೈತಾಳೆ ಅಂದ್ಕೊಂಡಿದ್ದೆ. 'ಗಾಳಿ ಚೆನ್ನಾಗಿತ್ತಾ ಹೊರಗೆ?' ಅಂದ್ಲು. ಅದಕ್ಕಿಂತ ಬೈದಿದ್ರೇ ವಾಸಿ ಇತ್ತು."

ಅವನ ಹೆಂಡತಿಗೆ ನರಗಳ ಕಾಯಿಲೆ. ಹನ್ನೊಂದು ವರ್ಷದಿಂದ ಒಂದೊಂದೇ ಅಂಗ ಕೈಕೊಡುತ್ತ ಬಂದು ಈಗ ಗಾಲಿಕುರ್ಚಿ ಹಿಡಿದಿದ್ದಳು. ಬುದ್ಧಿ ಮಾತ್ರ ಕತ್ತರಿಯ ಹಾಗೆ ಹರಿತ, ನಾಲಿಗೆ ಅದಕ್ಕಿಂತ ಹರಿತ.

"ಹೇಗೆ ಎತ್ತುತ್ತೀಯಾ ಅಪ್ಪನ್ನ?" ಎಂದು ಕೇಳಿದ ಗುಡುಗಣ್ಣ. ಅವಳು ಎರಡೂ ಕೈ ಚಾಚಿ ಕಂಕುಳ ಕೆಳಗೆ ಹಿಡಿಯುವ ಹಾಗೆ ತೋರಿಸಿದಳು. ಅವನು ತಲೆ ಚಚ್ಚಿಕೊಂಡ. "ಮೂಟೆ ಎತ್ತಿದ ಹಾಗೆ! ಭುಜ ಹರೀದೆ ಇನ್ನೇನಾಗುತ್ತೆ? ಮೇಸ್ತ್ರೀ, ಸ್ವಲ್ಪ ಇಲ್ಲಿ ಬನ್ನಿ. ಈ ಕುರ್ಚಿ ಮೇಲೆ ಕೂತ್ಕೊಳ್ಳಿ."

"ನನ್ನನ್ಯಾಕಪ್ಪ ರೋಗಿ ಮಾಡ್ತೀಯಾ?" ಎಂದು ಗೊಣಗುತ್ತಲೇ ಮೇಸ್ತ್ರಿ ಕೂತರು. ಗುಡುಗಣ್ಣ ಗೋಡೆಯ ಮೊಳೆಯಿಂದ ಅಗಲವಾದ ಚರ್ಮದ ಹೆಗಲಪಟ್ಟಿಯೊಂದನ್ನು ತೆಗೆದು ಅವರ ಸೊಂಟಕ್ಕೆ ಸುತ್ತಿ ಬಿಗಿದ. "ಕೈ ಇಲ್ಲಿ, ಪಟ್ಟಿ ಮೇಲೆ. ಅವರ ಪಾದ ನೆಲಕ್ಕೆ ಊರಿರ್ಬೇಕು. ನಿನ್ನ ಮಂಡಿ ಬಗ್ಗಿಸು, ಬೆನ್ನಲ್ಲ. ಮುಂದೆ ಹಿಂದೆ ತೂಗು. ಒಂದು, ಎರಡು, ಮೂರಕ್ಕೆ ಅವರ ಭಾರ ಮುಂದೆ ಬಂದಾಗ ಏಳ್ಸು. ತಾಳ ಗೊತ್ತಿರೋಳಿಗೆ ಇದನ್ನ ಹೇಳ್ಕೊಡ್ಬೇಕಾ?"

ಅವಳು ತೂಗಿದಳು. ಮೂರಕ್ಕೆ ಮೇಸ್ತ್ರಿ ತಕ್ಕಡಿ ಎದ್ದ ಹಾಗೆ ಎದ್ದು ನಿಂತರು, ಮುಖದಲ್ಲಿ ಗಾಬರಿ. ಭುಜ ಕೊಂಚವೂ ನೋಯಲಿಲ್ಲ. ಅವಳಿಗೆ ನಗು ಬಂತು. ಆ ನಗೆ ಅವಳಿಗೇ ಹೊಸದೆನಿಸಿತು.

ಹೊರಡುವ ಮುಂಚೆ ಮೇಸ್ತ್ರಿ ಮೂಲೆಯಿಂದ ಗಿಡ್ಡ ಕತ್ತಿನ, ಹಗುರ ಮರದ ಬೇಸೊಂದನ್ನು ತಂದು ಅವಳ ಮಡಿಲಿಗಿಟ್ಟರು. ಹಳೆಯದರ ಅರ್ಧದಷ್ಟೂ ತೂಕವಿರಲಿಲ್ಲ. ಅವಳು ಎರಡು ಸ್ವರ ನುಡಿಸಿ ಕೆಳಗಿಟ್ಟಳು. "ಆಟದ ಸಾಮಾನಿನ ಹಾಗಿದೆ, ಮೇಸ್ತ್ರಿ. ನನಗೆ ಬೇಡ."

"ಬೇಡ ಅಂದ್ರೆ ಬೇಡ. ಓಡಿಹೋಗಲ್ಲ ಅದು," ಎಂದರು ಮೇಸ್ತ್ರಿ.

ಬೀದಿಯವರೆಗೆ ಗುಡುಗಣ್ಣ ಅವಳ ಬೇಸನ್ನು ಹೊತ್ತುಕೊಂಡು ಬಂದ. "ತಮ್ಮನಿಗೆ ಕೇಳಿದ್ಯಾ, ನೀನೂ ಒಂದಿನ ಬಂದಿರು ಅಂತ?"

"ಕೇಳ್ಬೇಕಾ ಅಣ್ಣ? ಅವನಿಗೆ ಕಣ್ಣಿಲ್ವಾ?"

"ನಾನೂ ಹೀಗೇ ಅಂತಿದ್ದೆ. ಎಂಟು ವರ್ಷ ನನ್ನ ತಂಗಿ ಮೇಲೆ ಹಲ್ಲು ಮಸೀತಿದ್ದೆ. ಕೊನೆಗೆ ಒಂದಿನ ಜಗಳ ಆಡ್ದಾಗ ಅವಳು ಏನಂದ್ಲು ಗೊತ್ತಾ? 'ನೀನು ಅತ್ತಿಗೆ ಹತ್ರ ಯಾರನ್ನ ಬಿಟ್ಕೊಂಡೆ? ನಾನು ತಲೆ ಬಾಚಿದ್ರೆ ಸರಿಯಾಗಿಲ್ಲ ಅಂತ ಬಿಚ್ಚಿ ಮತ್ತೆ ಬಾಚಿದ್ಯಲ್ಲಾ' ಅಂದ್ಲು. ನಿಜವೇ. ಬಾಚಿದ್ದೆ."

ಆ ಭಾನುವಾರ ತಮ್ಮ ಎಂದಿನಂತೆ ಹಣ್ಣು ತಂದ. ಕನ್ನಡಕದ ಅಂಗಡಿಯಲ್ಲಿ ಕಣ್ಣಿನ ಅಳತೆ ನೋಡುವ ಕೆಲಸ ಅವನದು. ಇಸ್ತ್ರಿ ಮಾಡಿದ ಅಂಗಿ, ಅಚ್ಚುಕಟ್ಟಾದ ಬೆರಳು. ಲ್ಯಾಬಕ್ಕ ಅಡುಗೆಮನೆಯ ಬಾಗಿಲಲ್ಲಿ ಅವನನ್ನು ತಡೆದು ಹೇಳಿದಳು: "ಗುರುವಾರ ನಿನ್ನ ಅಂಗಡಿ ರಜ. ಎರಡರಿಂದ ಆರರವರೆಗೆ ನೀನು ಇಲ್ಲಿರ್ಬೇಕು. ನಾನು ಇರಲ್ಲ."

"ಗುರುವಾರ ನನಗೆ…"

"ಕೆಲಸ ಇದೆ. ಗೊತ್ತು. ನನಗೆ ಏಳು ದಿನಾನೂ ಇದೆ."

ಅವನು ಸೇಬಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಕೆಲಸ ಅಲ್ಲಕ್ಕ. ನನ್ನ ನೋಡಿದ್ರೆ ಅಪ್ಪ ಅಳ್ತಾರೆ. ನಿನ್ನ ಮುಂದೆ ಅಳಲ್ಲ. ನಾನು ಬಾಗಿಲು ದಾಟಿ ಒಳಗೆ ಬಂದ ತಕ್ಷಣ ಕಣ್ಣು ತುಂಬ್ಕೋತಾರೆ. ನಂಗೆ ಅದನ್ನ ನೋಡ್ತಾ ಕೂರೋಕೆ ಆಗಲ್ಲ. ಅದಕ್ಕೇ ಬೇಗ ಹೋಗಿಬಿಡ್ತೀನಿ."

ಅವಳಿಗೆ ಇದು ಗೊತ್ತಿರಲಿಲ್ಲ. ತಮ್ಮ ಬಂದಾಗಲೆಲ್ಲ ಅವಳು ಅಡುಗೆಮನೆ ಸೇರಿಬಿಡುತ್ತಿದ್ದಳು, ಸಿಟ್ಟಿನಿಂದ. ಆದರೂ ಪಟ್ಟು ಸಡಿಲಿಸಲಿಲ್ಲ. "ಅಳಲಿ ಬಿಡು. ಅತ್ತು ಮುಗಿಯೋವರೆಗೆ ಕೂತಿರು. ಯಾರಾದ್ರೂ ಕೂತಿರ್ಬೇಕಲ್ಲ."

ಮುಂದಿನ ಗುರುವಾರ ಅವನು ಬಂದ. ಅವಳು ಮೇಸ್ತ್ರಿಯಿಂದ ತಂದಿದ್ದ ಪಟ್ಟಿಯನ್ನು ಅಪ್ಪನ ಸೊಂಟಕ್ಕೆ ಕಟ್ಟುವುದನ್ನು ತೋರಿಸಿ, ಸೂಪು ಬಿಸಿಯಾಗಿದೆ ಎಂದು ಹೇಳಿ, ಹಿಂದೆ ತಿರುಗಿ ನೋಡದೆ ಮೆಟ್ಟಿಲಿಳಿದಳು. ಮೇಸ್ತ್ರಿಯ ಅಂಗಡಿ ತಲುಪುವಷ್ಟರಲ್ಲಿ ಫೋನು ನಾಲ್ಕು ಸಲ ಬಡಿದುಕೊಂಡಿತ್ತು.

"ಅಕ್ಕಾ, ಆಯ್ತು ಅಂತಿದಾರೆ. ಏನು ಆಯ್ತು?"

"ದನಿ ಹೇಗಿದೆ? ಮೇಲೆ ಹೋಗುತ್ತಾ, ಕೆಳಗೆ ಬರುತ್ತಾ?"

"ಅದೆಲ್ಲ ನಂಗೆ ಹೇಗೆ ಗೊತ್ತಾಗ್ಬೇಕು? ನಾನೇನು ಸಂಗೀತಗಾರನಾ?"

"ಕೆಳಗೆ ಬಂದ್ರೆ ಸಾಕು ಅಂತ. ಮೇಲೆ ಹೋದ್ರೆ ಬೇಕು ಅಂತ. ಮೊಟಕಾಗಿ ಬಂದ್ರೆ ಬಾತ್‌ರೂಮು, ಓಡು!" ಎಂದು ಫೋನಿಟ್ಟಳು. ಗುಡುಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಆರಕ್ಕೆ ಮನೆಗೆ ಬಂದು ನೋಡಿದರೆ ಹಾಸಿಗೆ ಖಾಲಿ. ಮಂಚದ ಆಚೆ ಬದಿಯಲ್ಲಿ, ನೆಲದ ಮೇಲೆ, ಗೋಡೆಗೆ ಒರಗಿ ಅಪ್ಪನೂ ತಮ್ಮನೂ ಪಕ್ಕಪಕ್ಕದಲ್ಲಿ ಕಾಲು ಚಾಚಿ ಕೂತಿದ್ದರು. ಏಳಿಸುವಾಗ ಎಣಿಕೆ ತಪ್ಪಿ ಇಬ್ಬರೂ ಮೆಲ್ಲಗೆ ಜಾರಿ ಕೂತುಬಿಟ್ಟಿದ್ದರಂತೆ. ಪೆಟ್ಟೇನೂ ಆಗಿರಲಿಲ್ಲ. ಮತ್ತೆ ಎತ್ತಲು ಧೈರ್ಯ ಬಾರದೆ, ದಿಂಬು ಎಳೆದು ಬೆನ್ನಿಗಿಟ್ಟು, ಅಲ್ಲೇ ಸೂಪು ಕುಡಿಸಿ, ಅಲ್ಲೇ ಕೂತು ಪತ್ರಿಕೆ ಓದಿ ಹೇಳಿದ್ದ. ಇಸ್ತ್ರಿ ಅಂಗಿಯ ತುಂಬ ಸೂಪಿನ ಕಲೆ. ಅಪ್ಪನ ಎಡಗೈಯಲ್ಲಿ ಪೆನ್ಸಿಲ್. ಪತ್ರಿಕೆಯ ಒಂದು ತಲೆಬರಹದ ಕೆಳಗೆ ಸೊಟ್ಟ ಗೆರೆ ಎಳೆದಿದ್ದರು. ಅಚ್ಚಿನ ತಪ್ಪು ನಿಜಕ್ಕೂ ಅಲ್ಲೇ ಇತ್ತು.

ಬೈಯಲು ಬಾಯಿ ತೆರೆದವಳು ಬಗ್ಗಿ ಆ ಗೆರೆಯನ್ನು ನೋಡಿದಳು.

"ಅಕ್ಕ," ಎಂದ ತಮ್ಮ, "ನೀನು ದಿನಾ ಇದನ್ನ ಒಬ್ಬಳೇ ಮಾಡ್ತೀಯಾ?"

"ಮತ್ತೇನಂದ್ಕೊಂಡಿದ್ದೆ?"

ಇಬ್ಬರೂ ಎರಡು ಬದಿಯಿಂದ ಪಟ್ಟಿ ಹಿಡಿದು, ಮೂರು ಎಣಿಸಿ, ಅಪ್ಪನನ್ನು ಮಂಚಕ್ಕೇರಿಸಿದರು.

ಅಲ್ಲಿಂದ ಗುರುವಾರ ತಮ್ಮನದಾಯಿತು. ಲ್ಯಾಬಕ್ಕ ಮೊದಲ ಒಂದು ತಾಸು ಭುಜದ ವ್ಯಾಯಾಮಕ್ಕೆ ಹೋಗಿ, ಆಮೇಲೆ ಅಂಗಡಿಗೆ ಬರುತ್ತಿದ್ದಳು. ಗುಡುಗಣ್ಣನ ಹೆಂಡತಿಗೂ ಗುರುವಾರವೇ ವ್ಯಾಯಾಮ ಮಾಡಿಸುವವರು ಮನೆಗೆ ಬರುತ್ತಿದ್ದರಿಂದ ಅವನಿಗೂ ಅದೇ ಹೊತ್ತು ಬಿಡುವು. ಇಬ್ಬರೂ ಗೋಡೆಯ ಮೇಲಿದ್ದ ಬೇಸುಗಳನ್ನೆಲ್ಲ ಒಂದೊಂದಾಗಿ ಇಳಿಸಿ ನುಡಿಸಿದರು. ಇದರ ಕತ್ತು ದಪ್ಪ, ಅದರ ದನಿ ತಗಡು ಎಂದು ಹೆಣ್ಣುಗಂಡು ನೋಡುವವರ ಹಾಗೆ ಕೊಂಕು ತೆಗೆದರು. ನಡುನಡುವೆ ಮಾತು ತಾನಾಗಿ ಬೆನ್ನುಹುಣ್ಣಿಗೆ ಯಾವ ಮುಲಾಮು, ನುಂಗಲಾರದವರಿಗೆ ಮಾತ್ರೆ ಹೇಗೆ ಪುಡಿ ಮಾಡಬೇಕು ಎಂಬುದಕ್ಕೆ ಹೊರಳುತ್ತಿತ್ತು. ಯಾವ ಮಾತ್ರೆಯನ್ನು ಪುಡಿ ಮಾಡಲೇಬಾರದು ಎಂದು ಲ್ಯಾಬಕ್ಕ ಅವನಿಗೆ ಪಟ್ಟಿ ಬರೆದುಕೊಟ್ಟಳು.

ಗಿಡ್ಡ ಬೇಸು ಮೂಲೆಯಲ್ಲೇ ಇತ್ತು. ಮೂರನೆಯ ವಾರ, ಯಾರೂ ಹೇಳದೆ, ಅವಳು ತಾನೇ ಹೋಗಿ ಅದನ್ನು ಎತ್ತಿಕೊಂಡಳು. ಕೂತು ನುಡಿಸಿದಳು, ನಿಂತು ನುಡಿಸಿದಳು. ಕಾಲುಗಂಟೆ ಕಳೆದರೂ ಭುಜ ತನ್ನ ಇರವನ್ನು ನೆನಪಿಸಲಿಲ್ಲ. ದನಿ ದುಂಡಗೆ, ಸ್ವಲ್ಪ ಮಂಕಾಗಿ, ಮಾಗಿದ ಹಾಗಿತ್ತು. "ಸಣ್ಣದು ಅಂತ ಇದರ ಮೇಲೆ ಸಿಟ್ಟಾಗಿದ್ದೆ," ಎಂದಳು. "ನಾನೇ ಸಣ್ಣವಳಾಗಿಬಿಟ್ಟೆ ಅನ್ನಿಸಿತ್ತು." ಹಳೆಯದನ್ನು ಮೇಸ್ತ್ರಿಗೆ ಕೊಟ್ಟು ಇದನ್ನು ತೆಗೆದುಕೊಂಡಳು. ಮೇಸ್ತ್ರಿ ಹಳೆಯದನ್ನು ಕಿಟಕಿಯಲ್ಲಿ ನೇತುಹಾಕಿದರು. ಅದು ಮಾರಾಟವಾಗುವವರೆಗೆ ಅವಳು ಅಂಗಡಿಗೆ ಹಿಂಬಾಗಿಲಿನಿಂದ ಬಂದಳು.

ಗುಡುಗಣ್ಣ ಮಾತ್ರ ಐದು ತಂತಿಯ ಬೇಸನ್ನು ಪ್ರತಿ ವಾರ ಇಳಿಸುವುದು, ನುಡಿಸುವುದು, ಬಟ್ಟೆಯಿಂದ ಒರೆಸಿ ಮತ್ತೆ ಮೊಳೆಗೆ ಹಾಕುವುದು. ಅವನ ಹಳೆಯದರ ಕತ್ತು ಬಾಗಿ ಹೋಗಿ, ಇನ್ನು ರಿಪೇರಿಗೆ ಬಗ್ಗದೆಂದು ಮೇಸ್ತ್ರಿ ಕೈಚೆಲ್ಲಿ ಆಗಲೇ ವರ್ಷವಾಗಿತ್ತು.

"ಇಷ್ಟ ಇದೆ. ಅಂಗಡೀಲಿ ಇದೆ. ಮತ್ತೇನಣ್ಣ ತಡ?" ಎಂದು ಲ್ಯಾಬಕ್ಕ ಕೇಳಿದಳು.

ಅವನು ಬಹಳ ಹೊತ್ತು ತಂತಿ ಒರೆಸಿದ. "ಹೊಸದು ತಗೊಂಡ್ರೆ ಇನ್ನು ಹದಿನೈದು ಇಪ್ಪತ್ತು ವರ್ಷಕ್ಕೆ ತಗೊಂಡ ಹಾಗೆ, ತಂಗಿ. ಅಷ್ಟು ವರ್ಷ ಅವಳು ಇರಲ್ಲ ಅಂತ ಡಾಕ್ಟ್ರು ಹೇಳಿದಾರೆ. ಇದನ್ನ ಮನೆಗೆ ತಗೊಂಡು ಹೋದ್ರೆ, ಅವಳು ಹೋದ ಮೇಲಿನ ದಿನಕ್ಕೆ ನಾನು ಈಗ್ಲೇ ತಯಾರಿ ಮಾಡ್ಕೋತಿದೀನಿ ಅಂತ ಅನ್ಸುತ್ತೆ. ಅವಳ ಕಣ್ಣೆದುರಿಗೇ."

ಸಮಾಧಾನದ ಮಾತುಗಳೆಲ್ಲ ಲ್ಯಾಬಕ್ಕನಿಗೆ ಗೊತ್ತಿದ್ದವು. ಇಷ್ಟು ತಿಂಗಳಿಂದ ಬಂದವರೆಲ್ಲ ಅವಳಿಗೆ ಅವನ್ನು ಹೇಳಿ ಹೋಗಿದ್ದರು. ಹಾಗಾಗಿ ಅವನ್ನು ಬಿಟ್ಟು ಕೇಳಿದಳು: "ಅತ್ತಿಗೆಗೆ ಇದನ್ನ ಹೇಳಿದೀರಾ?"

"ಹುಚ್ಚಾ ನಿನಗೆ?"

"ಹೇಳಿ ಅಣ್ಣ. ನನಗೆ ತಮ್ಮನ್ನ ಕೇಳು ಅಂದವರು ನೀವೇ ಅಲ್ವಾ?"

ಹೇಳಿದನೋ, ಅಥವಾ ಹೆಂಡತಿಯೇ ಬಾಯಿ ಬಿಡಿಸಿದಳೋ, ಮುಂದಿನ ಗುರುವಾರ ಅಂಗಡಿಯ ಮುಂದೆ ವ್ಯಾನೊಂದು ನಿಂತಿತು. ಗುಡುಗಣ್ಣ ಗಾಲಿಕುರ್ಚಿಯನ್ನು ಹಿಂದಿನಿಂದ, ಲ್ಯಾಬಕ್ಕ ಮುಂದಿನಿಂದ ಹಿಡಿದು, ಮೇಸ್ತ್ರಿ ಹಾಸಿದ ಹಲಗೆಯ ಮೇಲೆ ಉರುಳಿಸಿ ಒಳಗೆ ತಂದರು. ಕುರ್ಚಿಯಲ್ಲಿದ್ದ ಹೆಂಗಸು ಸಣಕಲು. ಕತ್ತರಿಸಿದ ಕೂದಲು, ಮಡಿಲಲ್ಲಿ ಮಡಚಿದ ಕೈ. ಕಣ್ಣು ಮಾತ್ರ ಅಂಗಡಿಯನ್ನೆಲ್ಲ ಒಂದೇ ಸುತ್ತಿಗೆ ಅಳೆಯಿತು.

"ನೀನೇನಾ ಲ್ಯಾಬಕ್ಕ? ನಿನ್ನ ಮಾತ್ರೆ ಪಟ್ಟಿ ನಮ್ಮ ಫ್ರಿಜ್ಜಿನ ಮೇಲಿದೆ. ಇವರ ತಲೆಗೂ ಒಂದು ಪಟ್ಟಿ ಬರೆದು ಅಂಟಿಸು." ಆಮೇಲೆ ಗಂಡನ ಕಡೆ ನೋಡಿ, "ಎಲ್ಲಿ, ನುಡಿಸ್ರೀ" ಎಂದಳು.

ಅವನು ಮೊದಲು ಬೇಕೆಂದೇ ಮಾಮೂಲಿ ನಾಲ್ಕು ತಂತಿಯದೊಂದನ್ನು ನುಡಿಸಿದ. ಅವಳು ಕಣ್ಣು ಮುಚ್ಚಿ ಕೇಳಿದಳು. "ಇದಲ್ಲ." ಇನ್ನೊಂದು. "ಇದೂ ಅಲ್ಲ. ನಾಟಕ ಆಡ್ಬೇಡಿ." ಕೊನೆಗೆ ಐದು ತಂತಿಯದನ್ನು ಇಳಿಸಿದ. ಅತಿ ದಪ್ಪ ತಂತಿ ಮಿಡಿದಾಗ ಗಾಲಿಕುರ್ಚಿಯ ಕಾಲಿಡುವ ತಗಡು ಸಣ್ಣಗೆ ಅದುರಿತು. ಅವಳು ಕಣ್ಣು ತೆರೆದಳು.

"ಇದು. ಇದನ್ನೇ ತಾನೇ ನಿದ್ದೆಯಲ್ಲಿ ನನ್ನ ತೋಳಿನ ಮೇಲೆ ಬಾರಿಸ್ತಿರೋದು?"

ಗುಡುಗಣ್ಣ ತಂತಿಗಳ ಮೇಲೆ ಅಂಗೈಯಿಟ್ಟು ಸದ್ದು ಅಡಗಿಸಿದ.

"ನಾನು ಹೋದ ಮೇಲೆ ತಗೊಂಡ್ರೆ ನನಗೇನ್ರೀ ಲಾಭ?" ಎಂದಳು ಅವಳು, ತರಕಾರಿ ಆರಿಸುವವಳ ದನಿಯಲ್ಲಿ. "ಯಾರೋ ಬಂದು ಕೇಳಿ ಚೆನ್ನಾಗಿದೆ ಅಂತಾರೆ. ನಾನು ಬೇಡ್ವಾ ಕೇಳೋಕೆ? ಈಗ ಕಿವಿ ಇದೆ. ಈಗ್ಲೇ ನುಡಿಸಿ."

ದೊಡ್ಡ ದೇಹದ ಆ ಮನುಷ್ಯ ಕುರ್ಚಿಯ ಪಕ್ಕ ಮಂಡಿಯೂರಿ ಅವಳ ಮಡಿಲಲ್ಲಿ ತಲೆಯಿಟ್ಟ. ಮೇಸ್ತ್ರಿ ಒಳಗೆ ಏನೋ ಹುಡುಕಲು ಹೋದರು. ಲ್ಯಾಬಕ್ಕ ಕಿಟಕಿಯ ಹೊರಗೆ ನೋಡುತ್ತ ನಿಂತಳು. ಐದು ತಂತಿಯ ಬೇಸು ಅಂದು ವ್ಯಾನಿನಲ್ಲಿ ಮನೆಗೆ ಹೋಯಿತು.

ಅತ್ತಿಗೆಗೆ ಮತ್ತೆ ಮತ್ತೆ ಹೊರಗೆ ಬರುವುದು ಕಷ್ಟವಾದ್ದರಿಂದ ಮುಂದಿನ ಗುರುವಾರಗಳು ಗುಡುಗಣ್ಣನ ಮನೆಯಲ್ಲೇ ನಡೆದವು. ಅವಳ ಹಾಸಿಗೆಯ ಎರಡು ಬದಿಯಲ್ಲಿ ಎರಡು ಸ್ಟೂಲು. ಒಂದರಲ್ಲಿ ಐದು ತಂತಿಯ ದೊಡ್ಡದು, ಇನ್ನೊಂದರಲ್ಲಿ ಗಿಡ್ಡ ಕತ್ತಿನ ಸಣ್ಣದು. ಮೊದಲ ದಿನ ಇಬ್ಬರೂ ಸೇರಿ ಕಾಲುಗಂಟೆ ನುಡಿಸಿದರು. ಬೇಸ್ ಹಿಡಿದವರ ಅಭ್ಯಾಸದಂತೆ ಇಬ್ಬರೂ ತಗ್ಗಿ, ಇನ್ನೊಬ್ಬರಿಗೆ ದಾರಿ ಬಿಟ್ಟು ಬಿಟ್ಟು.

"ಸಾಕು ನಿಲ್ಸಿ," ಎಂದಳು ಅತ್ತಿಗೆ. "ಇಬ್ಬರೂ ಪಾಯ ತೋಡ್ತಾ ಕೂತಿದೀರಿ. ಮನೆ ಕಟ್ಟೋರು ಯಾರು?"

"ನೀನೇ ಹಾಡು," ಎಂದ ಗುಡುಗಣ್ಣ.

"ನನಗೆಲ್ಲಿ ಉಸಿರಿದೆ?"

"ಇರೋಷ್ಟು ಹಾಡು."

ಅವಳು ಬೈದುಕೊಂಡಳು. ಆಮೇಲೆ ಗೋಡೆ ನೋಡುತ್ತ, ಮದುವೆಯಾದ ಹೊಸದರಲ್ಲಿ ಪಾತ್ರೆ ತೊಳೆಯುವಾಗ ಗುನುಗುತ್ತಿದ್ದ ಒಂದು ಹಾಡನ್ನು ಮೆಲ್ಲಗೆ ಎತ್ತಿಕೊಂಡಳು. ಎರಡು ಶಬ್ದಕ್ಕೊಮ್ಮೆ ಉಸಿರು ಕಡಿಯುತ್ತಿತ್ತು. ಅವಳು ನಿಂತಲ್ಲಿ ಎರಡು ಬೇಸುಗಳೂ ಒಂದೇ ಸ್ವರ ಹಿಡಿದು ಕಾದವು. ಅವಳು ಹೊರಟಾಗ ಹೊರಟವು. ತಾಳ ಎಲ್ಲಿಂದೆಲ್ಲಿಗೋ ಹಿಗ್ಗಿತು. ಯಾವ ವೇದಿಕೆಯ ಮೇಲೂ ಅದು ನಿಲ್ಲುವ ಸಂಗೀತವಲ್ಲ. ಒಂದು ಚರಣ ಮುಗಿಯಲು ಐದು ನಿಮಿಷ ಹಿಡಿಯಿತು.

ಮುಗಿದಾಗ ಅವಳ ಹಣೆಯಲ್ಲಿ ಬೆವರಿತ್ತು. ಗುಡುಗಣ್ಣ ಒರೆಸಿದ. ಲ್ಯಾಬಕ್ಕ ಗಡಿಯಾರ ನೋಡಿ ತನ್ನ ಬೇಸನ್ನು ಚೀಲಕ್ಕೆ ಹಾಕಿಕೊಂಡಳು. ಆರಕ್ಕೆ ತಮ್ಮ ಹೊರಡಬೇಕಿತ್ತು, ಅಪ್ಪನಿಗೆ ಮಾತ್ರೆಯ ಹೊತ್ತಾಗಿತ್ತು. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿರುವಾಗ ಒಳಗಿನಿಂದ ಅತ್ತಿಗೆಯ ದನಿ ಕೇಳಿತು.

"ಲ್ಯಾಬಕ್ಕಾ, ಬರೋ ವಾರ ಇನ್ನೂ ಸ್ವಲ್ಪ ಕೆಳಗಿನ ಶ್ರುತೀಲಿ ಹಿಡ್ಕೊಳ್ಳಿ ಇಬ್ಬರೂ. ಎರಡನೇ ಚರಣ ಮೇಲೆ ಹೋಗುತ್ತೆ."